ಒಲಿಂದೊನ ಬಿಳಿಯೂಟ

ಮಂಗಳವಾರ ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿ ತಿರುಗಿ ನೋಡುತ್ತೇನೆ, ಎದುರು ಗೋಡೆಯ ಮೇಲೆ ಒಲಿಂದೊ ಸತ್ತಿದ್ದ.

ನಮ್ಮೂರು ಮೊಂತೆಕಾರ್ದೊದಲ್ಲಿ ಯಾರು ಸತ್ತರೂ ಮೊದಲು ಗೊತ್ತಾಗುವುದು ಆ ಗೋಡೆಗೆ, ಆಮೇಲೆ ನನಗೆ, ನಂತರ ಮಿಕ್ಕವರಿಗೆ. ಸಾವಿನ ಸುದ್ದಿಗೆಂದು ಅಂಟಿಸುವ ದಪ್ಪ ಕಪ್ಪು ಅಂಚಿನ ಕಾಗದ, ಅದರ ಮೇಲೆ ದೊಡ್ಡಕ್ಷರದಲ್ಲಿ ಹೆಸರು. ನನ್ನ ಕೈಯಲ್ಲಿದ್ದ ಬೀಗದ ಕೈ ಕೆಳಗೆ ಬಿತ್ತು. ಹಿಂದಿನ ಸಂಜೆಯಷ್ಟೇ ಬಂದು ಒಂದು ಪೊಟ್ಟಣ ಉಪ್ಪು ಕೊಂಡು, ನಾಳೆ ಮಂಜು ಕವಿಯುತ್ತದೋ ಇಲ್ಲವೋ ಎಂದು ನನ್ನ ಜೊತೆ ವಾದ ಮಾಡಿ ಹೋದ ಮನುಷ್ಯ. ಕನ್ನಡಕ ಏರಿಸಿ, ರಸ್ತೆ ದಾಟಿ, ಪೂರ್ತಿ ಓದಿದೆ.

ಒಲಿಂದೊ ಬೆಲ್ಲಗಾಂಬ
ಶನಿವಾರ ಸಂಜೆ, ಸ್ವಗೃಹದಲ್ಲಿ
ಬಿಳಿಯೂಟ
ಬಂಧುಗಳೂ ಮಿತ್ರರೂ ಬಂದು ಜೊತೆಯಲ್ಲಿರಬೇಕೆಂದು ಕೋರಿಕೆ
ದಯವಿಟ್ಟು ಹೂ ತರಬೇಡಿ

ಸತ್ತಿರಲಿಲ್ಲ. ಆದರೆ ಇದು ಅದಕ್ಕಿಂತ ಕೆಟ್ಟದ್ದಾಗಿ ಕಂಡಿತು. ನಮ್ಮಲ್ಲಿ ಬಿಳಿಯೂಟ ಎಂದರೆ ಪಥ್ಯದೂಟ. ಹೊಟ್ಟೆ ಕೆಟ್ಟವನು, ಆಪರೇಷನ್ ಆದವನು, ಡಾಕ್ಟರು ಕೈಬಿಟ್ಟವನು ಉಣ್ಣುವುದು: ಬರೀ ಅನ್ನ, ನೀರಿನಲ್ಲಿ ಬೇಯಿಸಿದ ಮೀನು, ಮೇಲೆ ಒಂದು ಹನಿ ಎಣ್ಣೆ. ಟೊಮೇಟೊ ಇಲ್ಲ, ಕರಿದದ್ದಿಲ್ಲ, ವೈನ್ ಅಂತೂ ಹತ್ತಿರ ಸುಳಿಯುವಂತಿಲ್ಲ. ಒಬ್ಬ ಮನುಷ್ಯ ತನ್ನ ಪಥ್ಯದೂಟಕ್ಕೆ ನೆಂಟರನ್ನು ಕರೆಯುತ್ತಾನೆ ಎಂದರೆ, ಅದೂ ಕಪ್ಪು ಅಂಚಿನಲ್ಲಿ ಕರೆದು ಹೂ ಬೇಡ ಎನ್ನುತ್ತಾನೆ ಎಂದರೆ, ಇನ್ನು ಬಿಡಿಸಿ ಹೇಳಲು ಏನು ಉಳಿದಿದೆ?

ಊರವರ ಕಷ್ಟವನ್ನು ಬೀದಿಯಲ್ಲಿ ಆಡಿಕೊಳ್ಳುವ ಚಟ ನನಗಿಲ್ಲ. ಅಂಗಡಿಯ ಒಳಗೆ ಬಂದವರಿಗೆ ಮಾತ್ರ ಹೇಳಿದೆ. ಆ ಬೆಳಿಗ್ಗೆ ಎಲ್ಲರೂ ಬಂದರು. ಸಿಗರೇಟು ಬಿಟ್ಟವರೂ ಬಂದು ಸಿಗರೇಟು ಕೊಂಡರು.

ನಿಮಗೆ ಮಾತ್ರ ನಿಜ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವೂ ಅಳಲು ಶುರು ಮಾಡುತ್ತೀರಿ. ಒಲಿಂದೊಗೆ ಏನೂ ಆಗಿರಲಿಲ್ಲ. ಗುಂಡುಕಲ್ಲಿನ ಹಾಗಿದ್ದ. ಅವನಿಗೆ ತಗುಲಿದ್ದ ಒಂದೇ ಕಾಯಿಲೆ ಬಿಳಿ ವೈನಿನ ಜ್ಞಾನ. ನಮಗೆ ಇದೆಲ್ಲ ಗೊತ್ತಾದದ್ದು ಶನಿವಾರ, ಆಗಬಾರದ್ದೆಲ್ಲ ಆದ ಮೇಲೆ.

ಈ ಒಲಿಂದೊ ನಮ್ಮ ಪುರಸಭೆಯಲ್ಲಿ ಜನನ ಮರಣದ ಗುಮಾಸ್ತ. ಕಳೆದ ಚಳಿಗಾಲದಲ್ಲಿ ಅವನ ತಲೆಗೆ ಅದೇನು ಹೊಕ್ಕಿತೋ, ವಾರವಾರವೂ ಸಂಜೆ ಬಸ್ಸು ಹತ್ತಿ ಅಂಕೋನಾ ನಗರಕ್ಕೆ ಹೋಗಿ ವೈನ್ ಪಾಠ ಕಲಿತು ಬಂದ. ನೀವೇ ಯೋಚಿಸಿ. ನಮ್ಮೂರಿನ ಸುತ್ತ ಯಾವ ಗುಡ್ಡದ ಮೇಲೆ ಕಣ್ಣು ಹಾಯಿಸಿದರೂ ವೆರ್ದಿಕ್ಯೊ ದ್ರಾಕ್ಷಿಯ ಬಳ್ಳಿ. ನಾವು ಬಿಳಿ ವೈನನ್ನು ಹಲ್ಲು ಬರುವ ಮುಂಚೆ ಮೂಸಿದವರು, ಹಲ್ಲು ಹೋದ ಮೇಲೂ ಬಿಡದವರು. ನಮಗೆ ಬಿಳಿ ವೈನನ್ನು ಪರಿಚಯ ಮಾಡಿಕೊಡುತ್ತೇನೆ ಎಂದು ಅವನು ಕತ್ತಿಗೆ ಸರಪಳಿ ಹಾಕಿ, ಅದಕ್ಕೆ ವೈನ್ ರುಚಿ ನೋಡುವ ಒಂದು ಬೆಳ್ಳಿ ಬಟ್ಟಲು ತೂಗುಬಿಟ್ಟುಕೊಂಡು ಬಂದು ನಿಂತ.

ಬಾರಿನಲ್ಲಿ ಲೋಟದ ಕಾಲು ಹಿಡಿದು ಗಿರಗಿರ ತಿರುಗಿಸಿ, ಮೂಗನ್ನು ಕಣ್ಣಿನವರೆಗೂ ಒಳಗೆ ಇಳಿಸಿ, ಹಸಿರು ಸೇಬು ಇದೆ, ಒದ್ದೆ ಕಲ್ಲು ಇದೆ ಎನ್ನುತ್ತಿದ್ದ. ಇಸ್ಪೀಟು ಆಡುತ್ತಿದ್ದವರು ಗಾಬರಿಯಿಂದ ತಮ್ಮ ಲೋಟದಲ್ಲಿ ಕಲ್ಲು ಹುಡುಕುತ್ತಿದ್ದರು. ಆರ್ಟಿಚೋಕ್ ಮೊಗ್ಗಿನ ಪಲ್ಯ ತಿನ್ನುತ್ತ ವೈನ್ ಕುಡಿಯಬಾರದು, ಎರಡೂ ಒಂದನ್ನೊಂದು ಕೊಲ್ಲುತ್ತವೆ ಎಂದು ನನ್ನ ಅತ್ತೆಗೆ ಹೇಳಿದ. ಹುಟ್ಟಿದಾಗಿನಿಂದ ಹಾಗೇ ತಿಂದು ಕುಡಿದು ಬಂದ ನನ್ನ ಅತ್ತೆ ಒಳಗೆ ಏನು ಸತ್ತಿದೆಯೋ ಎಂದು ಹೆದರಿ ಹಾಸಿಗೆ ಹಿಡಿದರು.

ಅಷ್ಟಕ್ಕೇ ನಿಂತಿದ್ದರೆ ಊರು ಕ್ಷಮಿಸುತ್ತಿತ್ತು. ಈಸ್ಟರ್ ಊಟದ ದಿನ ಅವನು ಅಣ್ಣ ಸೆತ್ತಿಮಿಯೊನ ವೈನಿಗೂ ಮೂಗು ಇಳಿಸಿದ.

ಸೆತ್ತಿಮಿಯೊ ಅಪ್ಪನ ಕಾಲದ ದ್ರಾಕ್ಷಿತೋಟ ನೋಡಿಕೊಂಡು ಗುಡ್ಡದ ಮೇಲಿರುವವನು. ಅಪ್ಪ ಬೇಗ ಹೋದಾಗ ಒಲಿಂದೊನನ್ನು ಬೆಳೆಸಿದವನು ಅವನೇ. ಹೆಗಲ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಬಿಟ್ಟು ಬರುತ್ತಿದ್ದ ಎಂದು ನನ್ನ ಅತ್ತೆ ಈಗಲೂ ಹೇಳುತ್ತಾರೆ. ಆ ದಿನ ಕುರಿಮರಿಯ ಮಾಂಸ ಮೇಜಿಗೆ ಬಂದಿತ್ತು, ಇಡೀ ಬಳಗ ಕೂತಿತ್ತು. ಒಲಿಂದೊ ಎದ್ದು ನಿಂತು, ತಿರುಗಿಸಿ, ಮೂಸಿ, ಗುಟುಕರಿಸಿ, ಕಣ್ಣು ಮುಚ್ಚಿ, "ಕೊನೆಗೆ ಕಹಿ ಬಾದಾಮಿ" ಎಂದ.

ಅಂಕೋನಾದಲ್ಲಿ ಅದು ಹೊಗಳಿಕೆ. ಒಳ್ಳೆಯ ವೆರ್ದಿಕ್ಯೊ ಗಂಟಲಲ್ಲಿ ಇಳಿದ ಮೇಲೆ ಒಂಚೂರು ಬಾದಾಮಿಯ ಕಹಿ ಉಳಿಸಿ ಹೋಗಬೇಕಂತೆ, ಅದಕ್ಕಿಂತ ದೊಡ್ಡ ಮಾತು ಅವರ ಶಾಸ್ತ್ರದಲ್ಲೇ ಇಲ್ಲವಂತೆ. ಆದರೆ ಅಂಕೋನಾ ಇರುವುದು ಕೆಳಗೆ ಸಮುದ್ರದ ಬಳಿ. ಗುಡ್ಡದ ಮೇಲೆ ಕಹಿ ಬಾದಾಮಿ ಎಂದರೆ ವಿಷ, ಮಕ್ಕಳ ಕೈಗೆ ಸಿಗದಂತೆ ಎಸೆಯುವ ವಸ್ತು. ಸೆತ್ತಿಮಿಯೊ ಚಾಕು ಕೆಳಗಿಟ್ಟ, ಟೋಪಿ ಹಾಕಿಕೊಂಡ, ಹೋದ. ಇನ್ನು ತಮ್ಮನ ಮುಖ ನೋಡುವುದು ಅವನು ಶವಪೆಟ್ಟಿಗೆಯೊಳಗೆ ಮಲಗಿದ ಮೇಲೆ ಎಂದು ಹೇಳಿ ಕಳಿಸಿದ.

ಒಲಿಂದೊ ವಿವರಿಸಲು ಗುಡ್ಡ ಹತ್ತಿದ. ನಾಯಿ ಬಿಟ್ಟರು. ಇನ್ನೊಮ್ಮೆ ಹತ್ತಿದ, ನಾಯಿಗೆ ಇವನ ಪ್ಯಾಂಟು ಆಗಲೇ ಪರಿಚಯವಾಗಿತ್ತು. ಬೇಸಿಗೆ ಹೋಯಿತು, ದ್ರಾಕ್ಷಿ ಕೊಯ್ಲು ಮುಗಿಯಿತು, ಹುಟ್ಟಿದಾಗಿನಿಂದ ಮೊದಲ ಬಾರಿಗೆ ತಮ್ಮನನ್ನು ಕೊಯ್ಲಿಗೆ ಕರೆಯಲಿಲ್ಲ. ಆ ವಾರವೆಲ್ಲ ಅವನು ಕಚೇರಿಯ ಕಿಟಕಿಯಲ್ಲಿ ನಿಂತು ಗುಡ್ಡದ ಕಡೆ ನೋಡುತ್ತಿದ್ದ. ಅವನನ್ನು ನೋಡಿ ನಗುವವಳೇ ನಾನು, ಆದರೂ ಆ ವಾರ ನಗು ಬರಲಿಲ್ಲ.

ಆಗ ಹೊಳೆದದ್ದು ಈ ಊಟ. ದೇಶದ ಒಳ್ಳೊಳ್ಳೆಯ ಬಿಳಿ ವೈನುಗಳನ್ನು ಒಂದೊಂದಾಗಿ, ಅದಕ್ಕೆ ಒಪ್ಪುವ ಒಂದೊಂದು ತಿನಿಸಿನ ಜೊತೆ ಊರಿಗೆಲ್ಲ ಬಡಿಸುವುದು. ಕೊನೆಯ ಸಿಹಿ ವೈನಿಗೆ ಮುಂಚೆ, ಎಲ್ಲಕ್ಕಿಂತ ಮೇಲಿನದು ಎಂದು ಅಣ್ಣನ ವೈನ್ ತೆಗೆಯುವುದು. ಎಲ್ಲರೆದುರು ಕಹಿ ಬಾದಾಮಿಯ ಅರ್ಥ ಬಿಡಿಸಿ ಹೇಳಿ, ಅಣ್ಣನ ಕೈ ಹಿಡಿಯುವುದು. ಬಿಳಿ ವೈನಿನ ಊಟ, ಆದ್ದರಿಂದ ಬಿಳಿಯೂಟ. ತಲೆ ತುಂಬ ವೈನ್ ತುಂಬಿಕೊಂಡವನಿಗೆ ಆ ಪದದಲ್ಲಿ ಪಥ್ಯ ಕಾಣಲೇ ಇಲ್ಲ.

ನಮ್ಮೂರಿನಲ್ಲಿ ಅಚ್ಚು ಹಾಕುವವನು ಗ್ವೆರ್ರೀನೊ ಒಬ್ಬನೇ. ಶವಪೆಟ್ಟಿಗೆ ಮಾರುವವನೂ ಅವನೇ. ಅವನ ಹತ್ತಿರ ಇರುವುದು ಒಂದೇ ಅಂಚು. ಇಷ್ಟು ವರ್ಷ ಮರಣದ ಕಾಗದಗಳನ್ನೇ ನೋಡಿ ಬದುಕಿದ ಒಲಿಂದೊಗೆ ಕಪ್ಪು ಅಂಚಿಲ್ಲದ ಕಾಗದ ಚಡ್ಡಿಯಿಲ್ಲದ ಮನುಷ್ಯನಂತೆ ಕಾಣುತ್ತದೆ, ಹಾಗಾಗಿ ಚೆನ್ನಾಗಿದೆ ಎಂದ. ಹೂವಿನ ಘಮ ಇದ್ದರೆ ವೈನಿನ ವಾಸನೆ ತಿಳಿಯುವುದಿಲ್ಲ, ಅದಕ್ಕೇ ಹೂ ಬೇಡ ಎಂದು ಸೇರಿಸಿದ. ಅದು ಸತ್ತವರ ಹಬ್ಬದ ವಾರ, ಮನೆಮನೆಯಲ್ಲಿ ಸಮಾಧಿಗೆ ಇಡುವ ಸೇವಂತಿಗೆ. ಗ್ವೆರ್ರೀನೊ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ತನ್ನ ಕಸುಬಿನಲ್ಲಿ ಪ್ರಶ್ನೆ ಕೇಳಬಾರದಂತೆ. ತನ್ನದನ್ನು ತಾನೇ ಬಂದು ಮಾಡಿಸಿಕೊಂಡ ಗಿರಾಕಿ ಇವನೊಬ್ಬನೇ ಎಂದು ಕಣ್ಣೊರೆಸಿಕೊಂಡು, ಹೇಳದೇ ಕೇಳದೇ ಅವನ ಭುಜದ ಅಗಲವನ್ನು ಕಣ್ಣಳತೆಯಲ್ಲಿ ತೆಗೆದುಕೊಂಡನಂತೆ.

ಮಧ್ಯಾಹ್ನದ ಹೊತ್ತಿಗೆ ಊರಿಗೆ ಎಲ್ಲವೂ ಅರ್ಥವಾಗಿತ್ತು. ವೆರ್ದಿಕ್ಯೊ ಊರಿನವನು ವೈನ್ ಕಲಿಯಲು ಅಂಕೋನಾಕ್ಕೆ ಹೋಗುತ್ತಾನೆಯೇ? ಅಂಕೋನಾದಲ್ಲಿ ಇರುವುದು ದೊಡ್ಡಾಸ್ಪತ್ರೆ. ಪಾಪ, ನಮಗೆ ನೋವಾಗಬಾರದೆಂದು ವೈನ್ ಪಾಠ ಎಂದು ಸುಳ್ಳು ಹೇಳಿ, ಬಸ್ಸಿನಲ್ಲಿ ಒಬ್ಬನೇ ಹೋಗಿ ಬರುತ್ತಿದ್ದ. ಬಾರಿನಲ್ಲಿ ಅವನನ್ನು ಗೇಲಿ ಮಾಡಿದವರೆಲ್ಲ ತಲೆ ತಗ್ಗಿಸಿ ಕೂತರು. ನಮ್ಮ ಡಾಕ್ಟರಮ್ಮ ಮರಂಗೋನಿ ಮಾತ್ರ ಸಿಟ್ಟಿನಿಂದ ಕುದಿಯುತ್ತಿದ್ದರು. ತಮ್ಮ ಕೈಗೇ ಸಿಗದೆ ಇನ್ನೊಬ್ಬ ಡಾಕ್ಟರ ಕೈಯಲ್ಲಿ ಸಾಯುವ ರೋಗಿಯನ್ನು ಅವರು ಈವರೆಗೆ ಕಂಡಿರಲಿಲ್ಲವಂತೆ.

ಊರಿನ ಹೆಂಗಸರು ಅವನ ಹೆಂಡತಿ ಎಲ್ವೀರಾಳನ್ನು ಮೀನಿನ ಅಂಗಡಿಯ ಮುಂದೆ ಸುತ್ತುವರಿದರು. ನಾನೂ ಇದ್ದೆ. ಅಂಗಡಿಗೆ ಬೀಗ ಹಾಕಿಯೇ ಹೋಗಿದ್ದೆ.

"ಧೈರ್ಯ ತಂದ್ಕೋ ಎಲ್ವೀರಾ," ಎಂದು ಅವಳ ಕೈ ಹಿಡಿದುಕೊಂಡೆ.

"ಧೈರ್ಯ ಅಲ್ದೆ ಇನ್ನೇನಿದೆ ಫಾವುಸ್ತಾ, ಚಳಿಗಾಲದಿಂದ ತಡ್ಕೊಂಡಿದೀನಿ," ಎಂದಳು ಅವಳು, ಮೀನಿನ ಕಿವಿರು ಎತ್ತಿ ನೋಡುತ್ತ. "ಈ ಶನಿವಾರ ಒಂದು ಕಳೆದ್ರೆ ಮುಗೀತು. ಭಾನುವಾರ ಕಿಟಕಿ ಎಲ್ಲಾ ತೆಗೆದು ಮನೆಗೆ ಗಾಳಿ ಆಡಿಸ್ತೀನಿ, ಅವನ ಸಾಮಾನೆಲ್ಲ ಅಟ್ಟಕ್ಕೆ ಹಾಕ್ತೀನಿ. ಸೋಮವಾರ ತಂಗಿ ಜೊತೆ ಸಮುದ್ರದ ಕಡೆ ಹೋಗಿ ಹಾಯಾಗಿ ಇದ್ದು ಬರ್ತೀನಿ."

ಮೀನಿನವಳ ಚಾಕು ಅರ್ಧ ಮೀನಿನಲ್ಲೇ ನಿಂತಿತು. ಯಾರೋ ಶಿಲುಬೆಯ ಗುರುತು ಮಾಡಿಕೊಂಡರು. ಎಲ್ವೀರಾ ಅದನ್ನೇನೂ ಗಮನಿಸದೆ, ಇನ್ನೂ ನಾಲ್ಕು ಮೀನು ಹಾಕು, ಜನ ಬಹಳ ಬರುತ್ತಾರೆ ಎಂದಳು. ಅವಳು ತಿರುವಿನಲ್ಲಿ ಮರೆಯಾಗುವವರೆಗೆ ಕಾದೆವು. ಆಮೇಲೆ ಬಹಳ ಹೊತ್ತು ಮಾತಾಡಿದೆವು.

ಬುಧವಾರ ಪಾದ್ರಿ ಕ್ವಿರೀನೊ ಒಲಿಂದೊನನ್ನು ನನ್ನ ಅಂಗಡಿಯ ಬಾಗಿಲಲ್ಲೇ ಹಿಡಿದರು. ನಾನು ಒಳಗೆ ಅಂಚೆಚೀಟಿ ಹರಿಯುತ್ತಿದ್ದೆ. ಹರಿದದ್ದನ್ನೇ ಹರಿಯುತ್ತಿದ್ದೆ.

"ಒಲಿಂದೊ, ತಯಾರಾಗಿದೀಯಾ ಮಗಾ?"

"ಎಲ್ಲಾ ತಯಾರು ಫಾದರ್. ಮೇಜಿಗೆ ಬಟ್ಟೆ ಹಾಸೋದೊಂದು ಬಾಕಿ."

"ಭಯ ಏನಾದ್ರೂ?"

"ಮೊದಮೊದಲು ಇತ್ತು. ಈಗ ಕ್ರಮ ಗೊತ್ತಾಗಿದೆ. ಹಗುರದ್ದು ಮೊದಲು, ಭಾರದ್ದು ಆಮೇಲೆ. ಒಂದೊಂದೇ ಮುಗಿಸ್ತಾ ಹೋಗೋದು."

"ಮತ್ತೆ ಕೊನೆಗೆ?" ಎಂದರು ಪಾದ್ರಿಗಳು.

"ಕೊನೆಗೆ ಸಿಹಿ, ಫಾದರ್. ತುಂಬ ಜನಕ್ಕೆ ಅದು ಗೊತ್ತೇ ಇರಲ್ಲ. ನಾನು ರುಚಿ ನೋಡಿದೀನಿ."

ಪಾದ್ರಿಗಳು ನನ್ನ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಇಷ್ಟು ಕಾಲ ಪೂಜಾಪೀಠದ ಮುಂದೆ ನಿಂತ ತಮಗೇ ಆ ರುಚಿ ಸಿಕ್ಕಿಲ್ಲವಲ್ಲ ಎಂದು ಹೇಳುತ್ತ, ಒಂದು ಲೋಟ ನೀರು ಕೇಳಿ ಕುಡಿದು ಹೋದರು. ಭಾನುವಾರದ ಪ್ರವಚನವನ್ನು ಆ ಸಂಜೆಯೇ ಬದಲಿಸಿದರಂತೆ.

ಪುರಸಭೆಯಲ್ಲಿ ಬೇರೊಂದು ತೊಡಕು. ಊರಿನಲ್ಲಿ ಯಾರು ಸತ್ತರೂ ಅದನ್ನು ದಾಖಲೆಗೆ ಏರಿಸುವವನು ಒಲಿಂದೊ. ಒಲಿಂದೊನೇ ಸತ್ತರೆ ಏರಿಸುವವರು ಯಾರು? ಅಧ್ಯಕ್ಷೆ ಬಹಳ ಸೂಕ್ಷ್ಮವಾಗಿ, ಶನಿವಾರದೊಳಗೆ ಆ ಕೆಲಸವನ್ನು ಇನ್ನೊಬ್ಬರಿಗೆ ಹೇಳಿಕೊಡಲು ಆಗುತ್ತದೆಯೇ ಎಂದು ಕೇಳಿದರು. ಊಟದ ತಯಾರಿಗೆ ರಜೆ ಕೊಡುತ್ತಿದ್ದಾರೆ ಎಂದು ತಿಳಿದು ಅವನು ಸಂತೋಷದಿಂದ ಒಪ್ಪಿ, ಎಲ್ಲಿ ಮುದ್ರೆ ಒತ್ತಬೇಕು, ಹೆಸರು ಹೇಗೆ ಬರೆಯಬೇಕು ಎಂದು ತನ್ನ ಹೆಸರನ್ನೇ ಬರೆದು ತೋರಿಸಿದ. ಕಲಿಯಲು ಬಂದಿದ್ದ ಹೆಂಗಸು ಎದ್ದು ಹೊರಗೆ ಹೋಗಿ ಅತ್ತಳು. ಮರುದಿನ ಹೀಟರಿನ ಪಕ್ಕದ ಅವನ ಕುರ್ಚಿ ಬೇರೆಯವರ ಮೇಜಿಗೆ ಹೋಗಿತ್ತು.

ಎಲ್ಲಕ್ಕಿಂತ ದೊಡ್ಡ ತ್ಯಾಗ ಮಾಡಿದವರು ಅವನ ಸೋದರತ್ತೆ ಅರ್ಜೀಯಾ. ಆ ಮುದುಕಿ ನಮ್ಮ ಸ್ಮಶಾನದ ಗೋಡೆಯಲ್ಲಿ ಬೆಳಗಿನ ಬಿಸಿಲು ಬೀಳುವ ಕಡೆ, ಹೂ ಇಡಲು ಏಣಿ ಬೇಕಾಗದ ಎತ್ತರದಲ್ಲಿ, ತಮ್ಮ ಶವಪೆಟ್ಟಿಗೆ ಇಡಲು ಒಂದು ಗೂಡು ಕಾದಿರಿಸಿಕೊಂಡಿದ್ದರು. ಅದಕ್ಕಾಗಿ ಜಗಳವಾಡಿ ಅವರು ಒಂದಿಬ್ಬರು ಗೆಳತಿಯರನ್ನೂ ಕಳೆದುಕೊಂಡಿದ್ದಾರೆ. ಕೋಲೂರಿಕೊಂಡು ಬಂದು ಬೀದಿಯಲ್ಲೇ ಅವನ ಮುಖ ಸವರಿದರು.

"ನನ್ನ ಜಾಗ ನಿಂಗೇ ಕಣೋ. ನಾನು ಮೇಲಿನ ಸಾಲಿಗೆ ಹೋಗ್ತೀನಿ."

"ಬೇಡ ಅತ್ತೆ, ನೀವೇ ಕೂತ್ಕೊಳ್ಳಿ," ಎಂದ ಒಲಿಂದೊ. "ನಾನು ಅವತ್ತು ನಿಂತೇ ಇರ್ತೀನಿ."

ಅತ್ತೆ ಆ ಮಾತು ಕೇಳಿ ನೇರ ಪುರಸಭೆಗೆ ಹೋಗಿ ಗೂಡನ್ನು ಅವನ ಹೆಸರಿಗೆ ಬದಲಾಯಿಸಿದರು. ಹೊಸದಾಗಿ ಕೆಲಸ ಕಲಿತ ಹೆಂಗಸು ಮುದ್ರೆ ಒತ್ತಿದಳು. ಅದು ಅವಳ ಮೊದಲ ಕೆಲಸ.

ಗುಡ್ಡದ ಮೇಲಿಂದ ಮಾತ್ರ ಏನೂ ಸುದ್ದಿಯಿಲ್ಲ. ಒಲಿಂದೊ ದಿನಕ್ಕೊಂದು ಸಲ ನನ್ನಲ್ಲಿಗೆ ಬಂದು, ಸೆತ್ತಿಮಿಯೊ ಬರುತ್ತಾನೆ ಎನಿಸುತ್ತದೆಯೇ ಎಂದು ಕೇಳುತ್ತಿದ್ದ. ಮಿಕ್ಕವರು ಬರದಿದ್ದರೂ ಪರವಾಗಿಲ್ಲ, ಇಷ್ಟೆಲ್ಲ ಮಾಡುತ್ತಿರುವುದು ಅವನೊಬ್ಬನಿಗೆ ಎಂದ. ಸಾಯುವವನ ಆಸೆ ಎಂದುಕೊಂಡು ನಾನು, ಬರದೇ ಎಲ್ಲಿಗೆ ಹೋಗುತ್ತಾನೆ ಎಂದೆ. ನನಗೆ ನಂಬಿಕೆ ಇರಲಿಲ್ಲ. ಆ ಬೆಲ್ಲಗಾಂಬ ಮನೆತನದವರ ಹಟ ನನಗೆ ಗೊತ್ತು, ಅವರಲ್ಲಿ ಒಬ್ಬನನ್ನು ನಾನು ಮದುವೆಯಾಗಬೇಕಿತ್ತು, ಆ ಹಟಕ್ಕೇ ಅದು ಮುರಿದುಬಿತ್ತು.

ಶನಿವಾರ ಸಂಜೆ ನಾವೆಲ್ಲ ಕಪ್ಪು ಬಟ್ಟೆಯಲ್ಲಿ ಹೋದೆವು. ಯಾರೂ ಹೂ ತರಲಿಲ್ಲ. ಪಥ್ಯದವನ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಎಲ್ಲರ ಕೈಯಲ್ಲೂ ಪಾತ್ರೆ. ಅನ್ನ, ಬೇಯಿಸಿದ ಆಲೂಗಡ್ಡೆ, ಕೋಳಿಯ ತಿಳಿಸಾರು, ಮತ್ತೆ ಅನ್ನ. ಬಾಗಿಲು ತೆಗೆದ ಒಲಿಂದೊ ದಂಗಾಗಿ ನಿಂತ. ಅವನ ಮೂಗು ಅಲ್ಲಾಡಿತು. ನಮ್ಮ ಕಪ್ಪು ಕೋಟುಗಳಿಂದ ನುಸಿ ಗುಳಿಗೆಯ ವಾಸನೆ ಹೊಡೆಯುತ್ತಿತ್ತು.

ಒಳಗೆ ಹೋದರೆ ನಾವು ದಂಗಾದೆವು. ಮೇಜಿನ ಮೇಲೆ ಲೋಟಗಳ ಕಾಡು. ಐಸಿನ ಬಕೆಟ್ಟುಗಳಲ್ಲಿ ಬಾಟಲಿಗಳು. ಕರಿದ ಆಲಿವ್, ಕರಿದ ಮೀನು, ಚಿಪ್ಪುಮೀನು, ಟೊಮೇಟೊ ಆಲೂಗಡ್ಡೆ ಹಾಕಿದ ಒಣಮೀನಿನ ಸಾರು, ಅಡುಗೆಮನೆಯಿಂದ ಕಾಡು ಸೋಂಪು ತುಂಬಿ ಸುಡುತ್ತಿದ್ದ ಮೊಲದ ಘಮ. ಸಾಯುವವನು ಪಥ್ಯ ಮುರಿದು ಸಾಯಲು ನಿರ್ಧರಿಸಿದ್ದಾನೆ ಎಂದು ಡಾಕ್ಟರಮ್ಮ ನನ್ನ ಕಿವಿಯಲ್ಲಿ ಹೇಳಿದರು. ಹೇಳಿ, ಅವನ ಪಕ್ಕದ ಕುರ್ಚಿಯಲ್ಲಿ ಗಟ್ಟಿಯಾಗಿ ಕೂತುಕೊಂಡರು.

ಒಲಿಂದೊ ಎದ್ದು ನಿಂತು ಶುರು ಮಾಡಿದ. ಮೊದಲು ಸೊಆವೆ, ವೆರೋನಾ ಕಡೆಯದು, ಮೆತ್ತಗಿನ ಸ್ವಭಾವ, ಊಟಕ್ಕೆ ದಾರಿ ಬಿಡುತ್ತದೆ, ತಾನು ಮುಂದೆ ಬರುವುದಿಲ್ಲ ಎಂದ. ಅರ್ಜೀಯಾ ಅತ್ತೆ ಬಿಕ್ಕಿದರು. ಅವನು ಲೋಟ ಎತ್ತಿದ, ಡಾಕ್ಟರಮ್ಮ ಕಿತ್ತುಕೊಂಡು ಅನ್ನದ ತಟ್ಟೆ ಕೊಟ್ಟರು. ಎರಡನೆಯದು ವೆರ್ಮೆಂತೀನೊ, ಸಮುದ್ರದ ಗಾಳಿ ಕುಡಿದು ಬೆಳೆದದ್ದು, ಚಿಪ್ಪುಮೀನಿಗೆ ಇದನ್ನು ಬಿಟ್ಟರೆ ಜೋಡಿಯಿಲ್ಲ ಎಂದ. ಲೋಟ ಎತ್ತಿದ, ಮತ್ತೆ ಕಿತ್ತುಕೊಂಡರು. ಕರಿದದ್ದರ ಜಿಡ್ಡು ತೊಳೆಯಲು ಹುಳಿ ಇರುವ ವೈನ್ ಬೇಕು, ಸಾರಿಗೆ ಮೈಕಟ್ಟು ಇರುವುದು ಬೇಕು, ಆದ್ದರಿಂದ ಮೂರನೆಯದು ಫಿಯಾನೊ ಎನ್ನುವಷ್ಟರಲ್ಲಿ ಅವನ ದನಿಯೇ ಅಳುವವರ ಸದ್ದಿನಲ್ಲಿ ಮುಳುಗಿತು. ಇಷ್ಟು ಕಣ್ಣೀರು ತರಿಸುವ ವಿಷಯ ಇದು ಎಂದು ಅಂಕೋನಾದಲ್ಲಿ ಯಾರೂ ಹೇಳಿರಲಿಲ್ಲ. ಅವನು ಬೆವರತೊಡಗಿದ. ಬೆವರು ನೋಡಿ ಪಾದ್ರಿಗಳು ಜೇಬಿನಲ್ಲಿದ್ದ, ಸಾಯುವವರ ಹಣೆಗೆ ಹಚ್ಚುವ ಪವಿತ್ರ ಎಣ್ಣೆಯ ಸೀಸೆ ಮುಟ್ಟಿಕೊಂಡರು.

ಆಗ ಬಾಗಿಲಲ್ಲಿ ಸೆತ್ತಿಮಿಯೊ ನಿಂತಿದ್ದ.

ಮದುವೆಯ ದಿನದ ಸೂಟು, ಒಂದು ಕೈಯಲ್ಲಿ ಟೋಪಿ, ಇನ್ನೊಂದು ಕಂಕುಳಲ್ಲಿ ಒಣಹುಲ್ಲು ಸುತ್ತಿದ ದೊಡ್ಡ ಬುರುಡೆ ಬಾಟಲಿ. ಒಲಿಂದೊನ ಮುಖ ಅರಳಿದ್ದನ್ನು ನಾನು ಹೇಳಲಾರೆ, ಆ ಹೊತ್ತಿಗೆ ನನ್ನ ಕಣ್ಣೂ ಸರಿಯಿರಲಿಲ್ಲ.

"ಬಾ ಅಣ್ಣಾ."

"ಬಂದೆ," ಎಂದ ಸೆತ್ತಿಮಿಯೊ, ನೆಲ ನೋಡುತ್ತ. "ಆ ಮಾತು ಎದೆ ಮೇಲೆ ಇಟ್ಕೊಂಡು ನೀನು ಹೋಗೋದು ಬೇಡ. ನಾನು ಮನ್ನಿಸಿದೀನಿ."

"ಎಲ್ಲಿಗೆ ಹೋಗೋದು?"

ಪಾದ್ರಿಗಳು ಮೆಲ್ಲಗೆ ಬೆರಳನ್ನು ಮೇಲಕ್ಕೆ ತೋರಿಸಿದರು. ಒಲಿಂದೊ ತಲೆಯೆತ್ತಿ ಚಾವಣಿ ನೋಡಿದ. ಮೇಲಿನ ಮನೆ ಖಾಲಿ ಬಿದ್ದು ವರ್ಷಗಳಾಗಿದ್ದವು.

ಡಾಕ್ಟರಮ್ಮ ಇನ್ನು ತಡೆಯಲಾರದೆ, ಗಡ್ಡೆ ಹೊಟ್ಟೆಯಲ್ಲೋ ಕರುಳಲ್ಲೋ ಅದನ್ನಾದರೂ ಹೇಳು ಎಂದರು. ಒಲಿಂದೊ ಯಾರ ಗಡ್ಡೆ ಎಂದ. ನಿನ್ನದು ಎಂದರು ಅವರು.

"ನನಗೇನಾಗಿದೆ?" ಎಂದ ಅವನು. ಬೆಳ್ಳಗಾಗಿದ್ದ. ನಿಜವಾಗಿಯೂ ಏನೋ ಆಗಿದೆ, ಊರಿಗೆಲ್ಲ ಗೊತ್ತಿದೆ, ತನಗೊಬ್ಬನಿಗೆ ಹೇಳಿಲ್ಲ ಎಂದುಕೊಂಡನಂತೆ. ಕುರ್ಚಿ ಹಿಡಿದು ಕೂತ. ಅಡುಗೆಮನೆಯಿಂದ ಮೊಲದ ತಟ್ಟೆ ಹಿಡಿದು ಬಂದ ಎಲ್ವೀರಾ ನಮ್ಮ ಕಪ್ಪು ಬಟ್ಟೆ ನೋಡಿದಳು, ಅನ್ನದ ಪಾತ್ರೆಗಳನ್ನು ನೋಡಿದಳು, ಗ್ವೆರ್ರೀನೊನ ಜೇಬಿನಿಂದ ಇಣುಕುತ್ತಿದ್ದ ಅಳತೆಯ ಟೇಪು ನೋಡಿದಳು.

"ಇವನಿಗೆ ಏನೂ ಆಗಿಲ್ಲ," ಎಂದಳು. "ಬಿಳಿ ಅಂದ್ರೆ ವೈನು."

ನಮಗೆ ಆದ ಆಘಾತ ನಾನು ಹೇಗೆ ಹೇಳಲಿ? ಅವನು ಸಾಯುತ್ತಾನೆ ಎಂದಾಗ ನಾವು ಅತ್ತಿದ್ದೆವು. ಸಾಯುವುದಿಲ್ಲ ಎಂದಾಗ ಮೈಯೆಲ್ಲ ಉರಿದುಹೋಯಿತು. ಗ್ವೆರ್ರೀನೊ ಓಕ್ ಮರದ ಹಲಗೆ ಆಗಲೇ ಕೊಯ್ಯಿಸಿದ್ದ. ಪಾದ್ರಿಗಳ ಪ್ರವಚನ ಹಾಳಾಯಿತು. ಕುರ್ಚಿ ವಾಪಸು ಕೊಡಿಸಲು ಆಗುವುದಿಲ್ಲ, ಆದೇಶ ಆಗಿಹೋಗಿದೆ ಎಂದರು ಅಧ್ಯಕ್ಷೆ. ಅರ್ಜೀಯಾ ಅತ್ತೆ ಕೋಲು ಎತ್ತಿ, ನನ್ನ ಗೂಡು ವಾಪಸು ಕೊಡೋ ಎಂದರು. ಮುದ್ರೆ ಬಿದ್ದ ಮೇಲೆ ಗೂಡಿನ ಹೆಸರು ಬದಲಾಗಬೇಕಾದರೆ ಮೊದಲು ಹೆಸರಿನವನು ಒಳಗೆ ಹೋಗಿ ಮಲಗಬೇಕಂತೆ. ನಾನು ಮಾತ್ರ ಮೇಜಿನ ಲೋಟಗಳನ್ನು ಎಣಿಸುತ್ತ ಕೂತೆ. ಎಲ್ಲರಿಗೂ ಹೇಳಿದ್ದು ನಾನೇ ಎಂದು ಯಾರಿಗೂ ನೆನಪಾಗದಿದ್ದರೆ ಸಾಕಾಗಿತ್ತು.

ಸೆತ್ತಿಮಿಯೊ ಟೋಪಿ ತಲೆಗೆ ಹಾಕಿಕೊಂಡ.

"ಬದುಕಿರೋನನ್ನ ಮನ್ನಿಸೋಕೆ ನಾನು ಬಂದಿರ್ಲಿಲ್ಲ," ಎಂದು ಬಾಗಿಲ ಕಡೆ ತಿರುಗಿದ.

ಒಲಿಂದೊ ಕುರ್ಚಿಯಿಂದ ಅರ್ಧ ಎದ್ದ. ಈಗ ಹೋದರೆ ಇನ್ನು ಪೆಟ್ಟಿಗೆಯೇ ಗತಿ ಎಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ತಿಳಿದಿತ್ತು. ಎಲ್ವೀರಾ ಮೊಲದ ತಟ್ಟೆ ಸಮೇತ ಬಾಗಿಲಿಗೆ ಅಡ್ಡ ನಿಂತಳು.

"ತಂದಿದ್ದನ್ನ ಹಾಕಿ ಹೋಗಿ ಭಾವಾ. ನಮ್ಮನೆಗೆ ತಂದ ವೈನನ್ನ ವಾಪಸು ಹೊತ್ಕೊಂಡು ಹೋದ್ರೆ ನಾಳೆ ನನ್ನನ್ನ ಆಡ್ಕೋತಾರೆ."

ಸೆತ್ತಿಮಿಯೊ ಬಾಟಲಿಯನ್ನು ಕಂಕುಳಿಂದ ಇಳಿಸಿದ. ಇದು ಈಸ್ಟರಿಗೇ ತಮ್ಮನಿಗೆಂದು ಬೇರೆ ತೆಗೆದಿಟ್ಟಿದ್ದು, ಅವತ್ತಿನಿಂದ ಒಲೆಯ ಹಿಂದೆ ಬಿದ್ದಿತ್ತು, ವಾಪಸು ಹೊರಲು ತನಗೂ ಇಷ್ಟವಿಲ್ಲ ಎಂದ. ಬಂದು ಎಲ್ಲರ ಲೋಟಕ್ಕೂ ಸುರಿದ, ಒಲಿಂದೊನ ಲೋಟಕ್ಕೆ ಅಂಚಿನವರೆಗೆ, ತನಗೆ ಕೊನೆಗೆ ಒಂದಿಷ್ಟು. ಕುಡಿಯದೆ ತಮ್ಮನ ಮುಖವನ್ನೇ ನೋಡುತ್ತ ನಿಂತ.

ನಾವು ಕುಡಿದೆವು. ನನ್ನ ನಾಲಿಗೆ ಮುದುಡಿ ಗಂಟಲಿಗೆ ಹೋಯಿತು. ಬೇಸಿಗೆಯಿಡೀ ಒಲೆಯ ಹಿಂದೆ ಕಾದ ವೈನ್ ಶುದ್ಧ ವಿನೆಗರ್ ಆಗಿತ್ತು, ಕಿವಿಯಲ್ಲಿ ಗುಂಯ್ ಎನ್ನುವಷ್ಟು ವಿನೆಗರ್. ಹಲ್ಲಿಲ್ಲದ ಅರ್ಜೀಯಾ ಅತ್ತೆಯಿಂದ ಹಿಡಿದು ಪಾದ್ರಿಗಳವರೆಗೆ ಆ ಕೋಣೆಯಲ್ಲಿ ವೈನ್ ಗೊತ್ತಿಲ್ಲದವರು ಒಬ್ಬರೂ ಇರಲಿಲ್ಲ. ಒಬ್ಬರೂ ಮಿಸುಕಲಿಲ್ಲ. ಗ್ವೆರ್ರೀನೊನ ಕಣ್ಣಿಂದ ನೀರು ಇಳಿಯಿತು, ಅವನು ಅದನ್ನು ಒರೆಸಲಿಲ್ಲ.

ಒಲಿಂದೊ ಲೋಟ ಎತ್ತಿದ. ತಿರುಗಿಸಲಿಲ್ಲ, ಮೂಸಲಿಲ್ಲ, ಗಟಗಟ ಪೂರ್ತಿ ಕುಡಿದ. ಕೆನ್ನೆ ಒಳಗೆ ಹೋಯಿತು, ಕಿವಿ ಕೆಂಪಾಯಿತು. ಖಾಲಿ ಲೋಟವನ್ನು ಅಣ್ಣನ ಮುಂದೆ ಚಾಚಿದ. ಸೆತ್ತಿಮಿಯೊ ಮತ್ತೆ ತುಂಬಿಸಿದ. ಅದನ್ನೂ ಕುಡಿದ.

ಆಗ ಸೆತ್ತಿಮಿಯೊನ ಮುಖ ಸ್ವಲ್ಪ ಸಡಿಲವಾಯಿತು, ತನ್ನ ಲೋಟ ಬಾಯಿಗಿಟ್ಟ. ಮರುಕ್ಷಣ ಎದುರಿಗಿದ್ದ ಅನ್ನದ ಪಾತ್ರೆಗೆ ಉಗಿದ.

"ವಿನೆಗರ್ ಆಗಿದೆ ಇದು," ಎಂದ. ಬಾಟಲಿ ನೋಡಿದ, ನಮ್ಮನ್ನು ನೋಡಿದ. ನಾವೆಲ್ಲ ಮೇಜಿನ ಬಟ್ಟೆ ನೋಡುತ್ತಿದ್ದೆವು. ಕೊನೆಗೆ ತಮ್ಮನನ್ನು ನೋಡಿದ. "ಎರಡು ಲೋಟ ಕುಡಿದ್ಯಲ್ಲೋ. ಗೊತ್ತಾಗ್ಲಿಲ್ವಾ ನಿಂಗೆ?"

"ಇಲ್ಲ," ಎಂದ ಒಲಿಂದೊ. ಗಂಟಲು ಸುಟ್ಟು ದನಿ ಒಡೆದಿತ್ತು.

"ಹಂಗಾದ್ರೆ ಈಸ್ಟರಲ್ಲಿ ಕಹಿ ಅಂದಿದ್ದು?"

ಕಹಿ ಬಾದಾಮಿಯ ವಿವರಣೆಯನ್ನು ಅವನು ಏಪ್ರಿಲ್‌ನಿಂದ ಬಾಯಿಪಾಠ ಮಾಡಿಕೊಂಡಿದ್ದ. ಆ ಒಂದು ಮಾತು ಹೇಳಲೆಂದೇ ಈ ಊಟ, ಈ ಲೋಟಗಳು, ಗೋಡೆಯ ಮೇಲಿನ ಆ ಕಾಗದ. ಈಗ ಕೇಳುವವನು ಎದುರಿಗೇ ನಿಂತು ಕೇಳುತ್ತಿದ್ದ, ನಾಯಿಯೂ ಇರಲಿಲ್ಲ. ಒಲಿಂದೊ ಉಸಿರು ಎಳೆದುಕೊಂಡ.

"ನಂಗೆ ವೈನ್ ಗೊತ್ತಾಗಲ್ಲ ಅಣ್ಣಾ," ಎಂದ. "ಯಾವತ್ತೂ ಗೊತ್ತಾಗಿಲ್ಲ. ಸುಮ್ನೆ ಬಾಯಿಗೆ ಬಂದಿದ್ದು ಅಂದುಬಿಟ್ಟೆ."

ಸೆತ್ತಿಮಿಯೊ ಟೋಪಿ ತೆಗೆದು ಮೇಜಿನ ಮೇಲಿಟ್ಟ. ಕುರ್ಚಿ ಎಳೆದು ತಮ್ಮನ ಪಕ್ಕದಲ್ಲಿ ಕೂತ. ವಿನೆಗರಿಗೂ ವೈನಿಗೂ ವ್ಯತ್ಯಾಸ ತಿಳಿಯದ ಕತ್ತೆಯ ಮಾತಿಗೆ ತಾನು ಇಷ್ಟು ದಿನ ನಿದ್ದೆ ಕೆಡಿಸಿಕೊಂಡೆನಲ್ಲ ಎಂದು ಊರಿಗೆಲ್ಲ ಕೇಳುವಂತೆ ಹೇಳಿ, ತಮ್ಮನ ಬೆನ್ನಿಗೆ ಎರಡು ಗುದ್ದು ಗುದ್ದಿದ. ಮೊಲದ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು, ಇನ್ನು ಸರಿಯಾಗಿ ಕೇಳಿಸಿಕೋ, ಯಾವ ತಿನಿಸಿಗೆ ಯಾವ ವೈನ್ ಎಂದು ನಾನು ಹೇಳಿಕೊಡುತ್ತೇನೆ ಎಂದು ಶುರು ಮಾಡಿದ. ಹೇಳಿದ್ದೆಲ್ಲ ತಪ್ಪು. ಆರ್ಟಿಚೋಕಿಗೆ ಬಿಳಿ ವೈನಿಗಿಂತ ಒಳ್ಳೆಯ ಜೋಡಿಯಿಲ್ಲ ಎಂದ. ಐಸು ಮೀನಿಗೆ, ವೈನಿಗಲ್ಲ ಎಂದ. ಒಲಿಂದೊ ಪ್ರತಿಯೊಂದಕ್ಕೂ ತಲೆಯಾಡಿಸಿದ.

"ಈಗ ಈ ಮೊಲ ಇದೆಯಲ್ಲ," ಎಂದ ಸೆತ್ತಿಮಿಯೊ ಕೊನೆಗೆ, ಎಲುಬು ಚೀಪುತ್ತ, "ಇದಕ್ಕೆ ಕೆಂಪು ವೈನೇ ಸರಿ. ಅಲ್ವೇನೋ?"

ಆ ಮೊಲಕ್ಕೆಂದೇ ಒಲಿಂದೊ ಆರಿಸಿದ ಬಿಳಿ ವೈನ್ ಐಸಿನಲ್ಲಿ ಕಾಯುತ್ತಿತ್ತು. ಒಲಿಂದೊನ ಕತ್ತಿನ ನರ ಒಂದು ಸಲ ಉಬ್ಬಿ ಇಳಿಯಿತು.

"ಹೌದಣ್ಣಾ," ಎಂದ ಅವನು. "ಎಲ್ವೀರಾ, ಕೆಂಪು ತಗೊಂಡು ಬಾ."